ಮೇಡನ್ ಕ್ಯಾಸಲ್: ಇದು ನಿಜಕ್ಕೂ ಕೋಟೆಯಾ, ಇಲ್ಲಾ ಬರೀ ದೊಡ್ಡಸ್ತಿಕೆಯಾ?

ನಂಜನಗೂಡು_ರಸಬಾಳೆ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಡಾರ್ಚೆಸ್ಟರ್ ಊರಿನ ಪಕ್ಕ ಮೇಡನ್ ಕ್ಯಾಸಲ್ ಅಂತ ಒಂದು ಸೀಮೆಸುಣ್ಣದ ಗುಡ್ಡ ಇದೆ. ಹೋದ ವಾರ ಮನೆಮಂದಿಯೆಲ್ಲ ಹೋಗಿದ್ದೆವು. ಕ್ಯಾಸಲ್ ಅಂದ ಕೂಡಲೇ ನಮ್ಮ ಮಾವ ಬುರುಜು, ಹೆಬ್ಬಾಗಿಲು, ಫಿರಂಗಿ ಎಲ್ಲ ಇರುತ್ತೆ ಅಂದುಕೊಂಡಿದ್ದರು. ಅಲ್ಲಿ ಕಲ್ಲಿನ ಗೋಡೆಯೇ ಇಲ್ಲ. ಹುಲ್ಲು ಬೆಳೆದ ಮಣ್ಣಿನ ಏರಿ, ಅದರ ಕೆಳಗೆ ಕಂದಕ, ಮತ್ತೆ ಏರಿ, ಮತ್ತೆ ಕಂದಕ. ಮೇಲೆ ಹೋದರೆ ಕುರಿಗಳು. "ಇದನ್ನು ನೋಡೋಕೆ ಇಷ್ಟು ದೂರ ಕರ್ಕೊಂಡು ಬಂದ್ಯೇನಮ್ಮಾ" ಅಂದರು.

ನನಗಂತೂ ಬಹಳ ಹಿಡಿಸಿತು. ಆದರೆ ಒಂದು ಅನುಮಾನ. ಒಳಗಿನ ಜಾಗ ಸುಮಾರು 19 ಹೆಕ್ಟೇರ್, ಅಂದರೆ 47 ಎಕರೆ. ಇಷ್ಟು ದೊಡ್ಡ ಸುತ್ತನ್ನು ಕಾಯೋಕೆ ಎಷ್ಟು ಜನ ಬೇಕು? ನಿಜಕ್ಕೂ ಯುದ್ಧಕ್ಕೆ ಅಂತ ಕಟ್ಟಿದ್ದಾ? ರೋಮನ್ನರು ಬಂದು ಇಲ್ಲಿ ಕಗ್ಗೊಲೆ ಮಾಡಿದರು ಅಂತ ಒಂದು ಹಳೇ ಪುಸ್ತಕದಲ್ಲಿ ಓದಿದ್ದೆ. ಈಗ ಅದು ಸುಳ್ಳು ಅಂತಾರಂತೆ. ಗೊತ್ತಿರುವವರು ಹೇಳಿ.

ಸುಮ್ನೆ_ಬಂದೆ

ನನ್ನ ವೋಟು ಮಾವನಿಗೆ.

ವೇಮತ್_ವಾಸಿ

ನಾನು ಇಲ್ಲೇ ಹತ್ತಿರ ಇರೋದು. ಕಾರು ನಿಲ್ಲಿಸಿ ಸೀದಾ ನಡುವಿನ ಬಯಲಿಗೆ ಹೋಗಿ ಫೋಟೋ ತೆಗೆದು ಬಂದರೆ ಏನೂ ತಿಳಿಯಲ್ಲ. ಪಶ್ಚಿಮದ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಬಾಗಿಲು ಅಂದರೆ ಬಾಗಿಲಿಲ್ಲ, ಏರಿಗಳ ನಡುವಿನ ದಾರಿ. ಆ ದಾರಿ ನೇರ ಹೋಗಲ್ಲ. ಎದುರಿಗೆ ಒಂದು ದಿಬ್ಬ ಅಡ್ಡ ಬರುತ್ತೆ, ಪಕ್ಕಕ್ಕೆ ತಿರುಗಬೇಕು, ಸ್ವಲ್ಪ ಹೋದರೆ ಇನ್ನೊಂದು ದಿಬ್ಬ. ಎರಡೂ ಕಡೆ ತಲೆಯ ಮೇಲೆ ಏರಿ. ಮೇಲೆ ಯಾರಾದರೂ ನಿಂತಿದ್ದರೆ ಕೆಳಗಿರುವ ನೀವು ಅವರ ಕೈಯಲ್ಲಿ.

ಎರಡು ಸಾವಿರ ವರ್ಷ ಮಳೆ ಗಾಳಿ ತಿಂದು, ಕಂದಕ ಅರ್ಧ ತುಂಬಿಕೊಂಡ ಮೇಲೂ ಏರಿಗಳು ಈಗಲೂ 6 ಮೀಟರ್‌ವರೆಗೆ ಎತ್ತರ ಇವೆ. ಈಗ ಹಸಿರು ಕಾಣುತ್ತೆ. ಆಗ ತಾನೇ ಅಗೆದಾಗ ಒಳಗಿನ ಚಾಕ್, ಅಂದರೆ ಮೆತ್ತನೆಯ ಬಿಳಿ ಸುಣ್ಣಕಲ್ಲು, ಹೊರಗೆ ಬಿದ್ದು ಇಡೀ ಗುಡ್ಡ ಬೆಳ್ಳಗಿರುತ್ತಿತ್ತು. ಬಿಸಿಲಿಗೆ ಹತ್ತಾರು ಮೈಲಿಯಿಂದ ಕಣ್ಣಿಗೆ ಹೊಡೆಯುತ್ತಿರಬೇಕು. ಮಾವನವರಿಗೆ ಅದನ್ನು ಹೇಳಿ.

ದುರ್ಗದ_ಕಲ್ಲು

ಅಡ್ಡ ತಿರುವಿನ ದಾರಿ ಅಂದಿರಲ್ಲ, ನಮ್ಮ ಚಿತ್ರದುರ್ಗದ ಕೋಟೆ ಬಾಗಿಲುಗಳದ್ದೂ ಅದೇ ಲೆಕ್ಕ. ಆನೆಯಾಗಲಿ ಕುದುರೆಯಾಗಲಿ ಓಡಿ ಬಂದು ಗುದ್ದೋಕೆ ಜಾಗ ಸಿಗಬಾರದು. ನಮ್ಮದು ಕಲ್ಲು, ಅವರದು ಮಣ್ಣು. ಕಾಲವೂ ಬೇರೆ ಬೇರೆ. ತಲೆ ಮಾತ್ರ ಒಂದೇ ಥರ ಓಡಿದೆ.

ಇನ್ನೊಂದು ನಂಟು ಎಷ್ಟು ಜನಕ್ಕೆ ಗೊತ್ತೋ! 1934ರಿಂದ 1937ರವರೆಗೆ ಮೇಡನ್ ಕ್ಯಾಸಲ್ ಅಗೆದ ಮಾರ್ಟಿಮರ್ ವೀಲರ್ ಸಾಹೇಬರೇ 1947ರಲ್ಲಿ ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಅಗೆದಿದ್ದು. ಚಂದ್ರವಳ್ಳಿಯನ್ನೂ ಅಗೆದರು. ಜಾಗವನ್ನು ಚೌಕಚೌಕವಾಗಿ ಹಂಚಿ, ನಡುವೆ ಮಣ್ಣಿನ ಗೋಡೆ ಬಿಟ್ಟು, ಆ ಗೋಡೆಯಲ್ಲಿ ಪದರ ಓದುವ ವಿಧಾನ ಇದೆಯಲ್ಲ, ಅದನ್ನು ಡಾರ್ಸೆಟ್‌ನಲ್ಲಿ ಪಳಗಿಸಿಕೊಂಡು ಬಂದು ಇಲ್ಲಿ ನಮ್ಮವರಿಗೆ ಕಲಿಸಿದರು.

ಸುಮ್ನೆ_ಬಂದೆ

ಬಂತಪ್ಪ, ಎಲ್ಲಿಗೆ ಹೋದರೂ ದುರ್ಗ ಬಂತು.

ದುರ್ಗದ_ಕಲ್ಲು

ಇರೋದನ್ನ ಹೇಳಿದೆ ಗುರು. ನಿಮ್ಮೂರಿಗೂ ಬಂದಿದ್ದರೆ ನೀವೂ ಹೇಳಿ.

ಮಣ್ಣಪದರ

ಮೂಲ ಪ್ರಶ್ನೆಗೆ ಬರೋಣ. ಈ ಗುಡ್ಡದ ತೊಂದರೆ ಏನಂದರೆ ಅದು ಒಂದೇ ಕಾಲದ್ದಲ್ಲ. ಹಾಗಾಗಿ 'ಯಾಕೆ ಕಟ್ಟಿದರು' ಅಂದರೆ, ಯಾರು, ಯಾವಾಗ ಅಂತ ಮೊದಲು ಕೇಳಬೇಕು.

ಎಲ್ಲಕ್ಕಿಂತ ಹಳೆಯದು ಹೊಸ ಶಿಲಾಯುಗದ್ದು. ಕ್ರಿ.ಪೂ. 3600ರ ಸುಮಾರಿಗೆ ಗುಡ್ಡದ ಪೂರ್ವ ತುದಿಯಲ್ಲಿ ತುಂಡು ತುಂಡಾಗಿ ಕಂದಕ ತೋಡಿ ಒಂದು ಆವರಣ ಮಾಡಿದರು. ನಡುನಡುವೆ ಓಡಾಡೋಕೆ ಜಾಗ ಬಿಟ್ಟಿದ್ದಾರೆ, ಅಂದರೆ ಯಾರನ್ನೂ ತಡೆಯೋಕಂತೂ ಅಲ್ಲ. ಜನ ಆಗಾಗ ಸೇರುತ್ತಿದ್ದ ಜಾಗ ಇರಬಹುದು. ಅದನ್ನು ಬಿಟ್ಟ ಮೇಲೆ ಅದೇ ಜಾಗದ ಮೇಲೆ ಹಾದುಹೋಗುವ ಹಾಗೆ 546 ಮೀಟರ್ ಉದ್ದದ ಒಂದು ದಿಣ್ಣೆ ಹಾಕಿದರು. ಅರ್ಧ ಕಿಲೋಮೀಟರಿಗೂ ಜಾಸ್ತಿ! ಅದು ಕಾವಲಿಗೂ ಬರಲ್ಲ, ವಾಸಕ್ಕೂ ಬರಲ್ಲ. ಈಗ ಬಹಳ ತಗ್ಗಾಗಿದೆ, ಕಾಲ ಕೆಳಗೇ ಇದ್ದರೂ ಬಂದವರಿಗೆ ಗೊತ್ತಾಗಲ್ಲ.

ಆಮೇಲೆ ಗುಡ್ಡ ಎಷ್ಟೋ ಕಾಲ ಹೆಚ್ಚುಕಮ್ಮಿ ಖಾಲಿ. ಕಬ್ಬಿಣದ ಯುಗದಲ್ಲಿ, ಕ್ರಿ.ಪೂ. 600ರ ಸುಮಾರಿಗೆ ಮೊದಲ ಕೋಟೆ. ಅದು 6.4 ಹೆಕ್ಟೇರ್ ಅಷ್ಟೇ, ಒಂದೇ ಏರಿ, ಒಂದೇ ಕಂದಕ. ಕ್ರಿ.ಪೂ. 450ರ ಹೊತ್ತಿಗೆ ಅದನ್ನು ಮೂರು ಪಟ್ಟು ದೊಡ್ಡದು ಮಾಡಿದರು. ಏರಿಯ ಮೇಲೆ ಏರಿ, ಬಾಗಿಲಿಗೆ ಅಡ್ಡದಿಬ್ಬ, ಎಲ್ಲ ಆಮೇಲೆ ಆಮೇಲೆ ಸೇರಿದ್ದು. ನೀವು ನೋಡಿ ಬಂದದ್ದು ಈ ಕೊನೆಯ ರೂಪ.

ನನ್ನ ಅಭಿಪ್ರಾಯ ಕೇಳಿದರೆ, ಕಾವಲಿಗೆ ಒಂದು ಒಳ್ಳೆಯ ಏರಿ, ಒಂದು ಕಂದಕ ಸಾಕು. ಮೂರು ನಾಲ್ಕು ಸುತ್ತು ಹಾಕುವವನು ಪಕ್ಕದ ಗುಡ್ಡದವನಿಗೆ ಏನೋ ಹೇಳುತ್ತಿದ್ದಾನೆ. 'ನನ್ನ ಹತ್ತಿರ ಇಷ್ಟು ಜನ ಇದ್ದಾರೆ, ಇಷ್ಟು ಕಾಳು ಇದೆ, ತಿಂಗಳುಗಟ್ಟಲೆ ಮಣ್ಣು ಹೊರಿಸಬಲ್ಲೆ' ಅಂತ.

ಕೃಷ್ಣೆಯ_ದಂಡೆ

ದೊಡ್ಡಸ್ತಿಕೆ ಅಂತ ಸುಮ್ನೆ ತಳ್ಳಿಹಾಕಬ್ಯಾಡ್ರಿ. ವೀಲರ್ ಪೂರ್ವದ ಬಾಗಿಲ ಹತ್ತಿರ ಹೆಣಗಳ ಸಾಲೇ ಅಗೆದು ತೆಗೆದರು. ಒಬ್ಬನ ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ ನೆಟ್ಟುಕೊಂಡೇ ಇದೆ. ಡಾರ್ಚೆಸ್ಟರ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಹೋಗಿ ನೋಡ್ರಿ. ಬೆನ್ನಿಗೆ ಕಬ್ಬಿಣ ನಾಟಿಸಿಕೊಂಡವನು ದೊಡ್ಡಸ್ತಿಕೆಗೆ ಸತ್ತನೇನು? ಕ್ರಿ.ಶ. 43ರಲ್ಲಿ ರೋಮನ್ನರ ಎರಡನೇ ಲೀಜನ್, ಅಂದ್ರೆ ದೊಡ್ಡ ಸೈನ್ಯದಳ, ಈ ಕಡೆ ಬಂತು, ಅದರ ದಳಪತಿ ವೆಸ್ಪಾಸಿಯನ್. ಮುಂದೆ ಚಕ್ರವರ್ತಿ ಆದನಲ್ಲ, ಅವನೇ.

ಮಣ್ಣಪದರ

ದಂಡೆಯವರೇ, ಸತ್ತದ್ದು ನಿಜ. ಯಾರು ಕೊಂದರು, ಯಾವಾಗ ಕೊಂದರು ಅನ್ನೋದು ಜಗಳ.

ವೆಸ್ಪಾಸಿಯನ್ ಇಪ್ಪತ್ತಕ್ಕೂ ಹೆಚ್ಚು ಕೋಟೆ ಊರುಗಳನ್ನು ಗೆದ್ದ ಅಂತ ರೋಮನ್ ಲೇಖಕ ಸ್ವಿಟೋನಿಯಸ್ ಬರೆದಿದ್ದಾನೆ. ಮೇಡನ್ ಕ್ಯಾಸಲ್ ಹೆಸರು ಎಲ್ಲೂ ಇಲ್ಲ. ವೀಲರ್ ಹೆಣಗಳನ್ನು ನೋಡಿದರು, ಸ್ವಿಟೋನಿಯಸ್ಸನ್ನು ಓದಿದ್ದರು, ಎರಡನ್ನೂ ಗಂಟು ಹಾಕಿದರು. ಬಾಣಗಳ ಮಳೆ, ಹೊತ್ತಿ ಉರಿಯುವ ಗುಡಿಸಲು, ರಾತ್ರಿ ಕತ್ತಲಲ್ಲಿ ಗಡಿಬಿಡಿಯಿಂದ ಹೂಳುವ ಜನ. ಓದೋಕೆ ಅದ್ಭುತ.

1985-86ರಲ್ಲಿ ನಿಯಲ್ ಶಾರ್ಪಲ್ಸ್ ಮತ್ತೆ ಅಗೆದರು. ವೀಲರ್ ತೆಗೆದಿದ್ದ ಆ 52 ಹೆಣಗಳಲ್ಲಿ ಹೊಡೆತ ತಿಂದು ಸತ್ತ ಗುರುತು ಇದ್ದದ್ದು 14ಕ್ಕೆ ಮಾತ್ರ. ಹಲವರನ್ನು ಮಡಕೆ, ಮಾಂಸದ ಎಡೆ ಇಟ್ಟು ನೆಟ್ಟಗೆ ಹೂಳಿದ್ದಾರೆ, ಗಡಿಬಿಡಿ ಏನಿಲ್ಲ. ರೋಮನ್ನರು ಬರುವ ಹೊತ್ತಿಗೆ ಕೋಟೆಯ ಬಹುಪಾಲು ಖಾಲಿಯಾಗಿತ್ತು, ಜನ ಪೂರ್ವದ ಕಡೆಗೆ ಉಳಿದಿದ್ದರು. ಈಗ 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದವರು ಎಲುಬುಗಳಿಗೆ ಹೊಸದಾಗಿ ಕಾರ್ಬನ್ ಕಾಲಮಾಪನ (ಒಳಗೆ ಉಳಿದ ಇಂಗಾಲದಿಂದ ವಯಸ್ಸು ಲೆಕ್ಕ ಹಾಕೋದು) ಮಾಡಿಸಿದ್ದಾರೆ. ಒಂದೇ ದಿನ ಸತ್ತವರಲ್ಲ. ಕ್ರಿ.ಪೂ. ಒಂದನೇ ಶತಮಾನದ ಕೊನೆಯಿಂದ ಕ್ರಿ.ಶ. ಒಂದನೇ ಶತಮಾನದ ಮೊದಲ ಭಾಗದವರೆಗೆ, ಹಲವು ತಲೆಮಾರು, ಬೇರೆ ಬೇರೆ ಸಲ ಸತ್ತವರು. ಅಂದರೆ ರೋಮನ್ ದಾಳಿಗಿಂತ ಮುಂಚೆ.

ಕೃಷ್ಣೆಯ_ದಂಡೆ

ಹಂಗಂದ್ರೆ ತಮ್ಮತಮ್ಮಲ್ಲೇ ಬಡಿದಾಡಿಕೊಂಡರು ಅಂತಾಯ್ತು. ಅಲ್ಲಿಗೆ ನನ್ನ ಮಾತೇ ಗಟ್ಟಿ ಆಯ್ತಲ್ರಿ. ಜಗಳ ಇತ್ತು, ಅದಕ್ಕೇ ಏರಿ ಹಾಕಿದರು.

ಮಣ್ಣಪದರ

ಏರಿ ಹಾಕಿ ನಾಲ್ಕು ನೂರು ವರ್ಷ ಆದ ಮೇಲಿನ ಹೆಣ ತೋರಿಸಿ, ಅದಕ್ಕೇ ಏರಿ ಹಾಕಿದರು ಅಂದರೆ ಹೇಗೆ?

ಕೃಷ್ಣೆಯ_ದಂಡೆ

ನಾಲ್ಕು ನೂರು ವರ್ಷ ಅದನ್ನ ರಿಪೇರಿ ಮಾಡಿಕೊಂಡು ಬಂದಾರಲ್ರಿ. ಬರೀ ಜಂಭಕ್ಕೆ ಅಷ್ಟು ದಿನ ಯಾರು ಮಣ್ಣು ಹೊರ್ತಾರ?

ಕೊಡಿಯಾಲದ_ಮಳೆ

ನೀವಿಬ್ಬರೂ ಒಂದನ್ನು ಬಿಟ್ಟಿರಿ ಮಾರಾಯ್ರೇ. ಕವಣೆ ಕಲ್ಲು! ಪೂರ್ವದ ಬಾಗಿಲಿನ ಹತ್ತಿರ ಒಂದು ಗುಂಡಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಲ್ಲು ರಾಶಿ ಹಾಕಿ ಇಟ್ಟಿದ್ದರು. ಗುಡ್ಡದ ಕಲ್ಲಲ್ಲ, ಚೆಸಿಲ್ ಕಡಲತೀರದ ನುಣ್ಣನೆಯ ಉರುಟು ಕಲ್ಲು. ಅಲ್ಲಿಂದ ಹೊತ್ತು ತಂದದ್ದು. ಇದನ್ನು ಶೋಕಿ ಅಂತ ಹೇಳ್ಲಿಕ್ಕೆ ಉಂಟಾ?

ಬಿಳಿಜೋಳ

ಕವಣೆ ಎತ್ತಿದ್ದಕ್ಕೆ ಒಂದು ಮಾತು. ನಮ್ಮ ಹೊಲದಲ್ಲಿ ಜೋಳ ತೆನೆ ಕಟ್ಟಿದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದೆವು. ಹಗ್ಗದ ನಡುವೆ ಅಂಗೈ ಅಗಲದ ಹೆಣಿಕೆ, ಒಂದು ತುದಿಗೆ ಬೆರಳು ಸಿಕ್ಕಿಸುವ ಕುಣಿಕೆ. ತಲೆ ಮೇಲೆ ತಿರುಗಿಸಿ ಇನ್ನೊಂದು ತುದಿ ಬಿಟ್ಟರೆ ಕಲ್ಲು ಸುಂಯ್ ಅಂತ ಹೋಗುತ್ತೆ. ಸೊಟ್ಟ ಕಲ್ಲು ಹಾಕಿದರೆ ಎಲ್ಲೋ ಹೋಗಿ ಬೀಳುತ್ತೆ. ಒಂದೇ ತೂಕದ ಉರುಟು ಕಲ್ಲಾದರೆ ಕೈಗೆ ಲೆಕ್ಕ ಸಿಗುತ್ತೆ. ಸಮುದ್ರದಿಂದ ತಂದದ್ದು ಅದಕ್ಕೇ. ಮತ್ತೆ, ಎತ್ತರದಲ್ಲಿ ನಿಂತವನ ಕಲ್ಲು ದೂರ ಹೋಗುತ್ತೆ, ಕೆಳಗಿನವನದು ಮೇಲೆ ತಲುಪೋದೇ ಕಷ್ಟ. ಕಂದಕ ಇಳಿದು ಏರಿ ಹತ್ತುವವನು ಅಷ್ಟು ಹೊತ್ತೂ ಗುರಿಯಲ್ಲೇ ಇರ್ತಾನೆ. ಸುತ್ತು ಜಾಸ್ತಿ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದಲ್ವಾ ಪದರದವರೇ?

ಮಣ್ಣಪದರ

ಇರಬಹುದು. ವೀಲರ್ ಕೂಡ ಅದನ್ನೇ ಹೇಳಿದ್ದರು, ಕವಣೆ ಬಂದದ್ದರಿಂದ ಏರಿಗಳು ಹೆಚ್ಚಾದವು ಅಂತ. ನಾನು ಒಪ್ಪಲ್ಲ, ಆದರೆ ಕವಣೆ ಬೀಸಿದವರ ಎದುರು ಬಾಯಿ ಮಾಡಲ್ಲ.

ನಂಜನಗೂಡು_ರಸಬಾಳೆ

ಅಬ್ಬಾ, ಇಷ್ಟೊಂದು ಉತ್ತರ! ಇನ್ನೊಂದು ಕೇಳಲಾ? ಒಳಗೆ ಅಷ್ಟು ಜನ ಇದ್ದರೆ ಊಟಕ್ಕೆ ಏನು ಮಾಡುತ್ತಿದ್ದರು? ಮೇಲೆ ನೀರಂತೂ ಕಾಣಲಿಲ್ಲ.

ಬಿಳಿಜೋಳ

ಹಗೇವು ರೀ! ಇದನ್ನು ಓದಿದಾಗ ನನಗೆ ನಮ್ಮೂರೇ ನೆನಪಾಯ್ತು. ಇಂಗ್ಲೆಂಡಿನ ಆ ಕಡೆಯ ಗುಡ್ಡಕೋಟೆಗಳಲ್ಲಿ ಚಾಕ್ ಕೊರೆದು ಆಳದ ಗುಂಡಿ ಮಾಡಿ ಕಾಳು ತುಂಬುತ್ತಿದ್ದರು. ಹ್ಯಾಂಪ್‌ಶೈರ್‌ನ ಡೇನ್‌ಬರಿಯಲ್ಲಿ ಬ್ಯಾರಿ ಕನ್ಲಿಫ್ 1969ರಿಂದ ಇಪ್ಪತ್ತು ವರ್ಷ ಅಗೆದಾಗ ಇಂಥ ಗುಂಡಿ ಸಾವಿರಗಟ್ಟಲೆ ಸಿಕ್ಕವು. ಮೇಡನ್ ಕ್ಯಾಸಲ್‌ನಲ್ಲೂ ಬೇಕಾದಷ್ಟಿವೆ.

ಮಣ್ಣಿನೊಳಗೆ ಕಾಳು ಕೆಡಲ್ವಾ ಅಂತ ಇಂಗ್ಲಿಷರಿಗೂ ಅನುಮಾನ ಬಂತು. 1972ರಲ್ಲಿ ಶುರುವಾದ ಬಟ್ಸರ್ ಅನ್ನೋ ಪ್ರಯೋಗದ ಹೊಲದಲ್ಲಿ ಪೀಟರ್ ರೆನಾಲ್ಡ್ಸ್ ನಿಜವಾಗಿಯೇ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ನೋಡಿದರು. ಗೋಡೆಗೆ ತಾಗಿದ ಕಾಳು ಮೊಳೆತು ಒಳಗಿನ ಆಮ್ಲಜನಕ ಎಲ್ಲ ಎಳೆದುಕೊಳ್ಳುತ್ತೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಉಳಿದ ಕಾಳು ಹಾಗೇ ನಿದ್ದೆ ಹೋಗುತ್ತೆ. ಮುಂದಿನ ಬಿತ್ತನೆಗೂ ಬರುತ್ತೆ.

ನಮ್ಮ ಅಜ್ಜ ಯಾವ ಪ್ರಯೋಗವೂ ಇಲ್ಲದೆ ಇದನ್ನೇ ಮಾಡ್ತಿದ್ದರು. ತಳಕ್ಕೂ ಸುತ್ತಲೂ ಹುಲ್ಲು, ಒಳಗೆ ಜೋಳ, ಬಾಯಿಗೆ ಹಾಸುಗಲ್ಲು, ಮೇಲೆ ಮಣ್ಣು. ತೆಗೆದ ದಿನ ಯಾರನ್ನೂ ಇಳಿಯೋಕೆ ಬಿಡ್ತಿರಲಿಲ್ಲ. ಗಾಳಿ ಆಡಿದ ಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹಗೇವಿಗೆ ಅವಸರದಿಂದ ಇಳಿದು ಸತ್ತವರ ಕಥೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ.

ಕೊಡಿಯಾಲದ_ಮಳೆ

ನಮ್ಮ ಕರಾವಳಿಯಲ್ಲಿ ಗುಂಡಿ ತೋಡಿದರೆ ಕಾಳಲ್ಲ, ಕಪ್ಪೆ ಸಿಗುತ್ತದೆ.

ಚಕಮಕಿ

ಅದೇ ವಿಷಯ. ಚಾಕ್ ನೀರು ಹಿಡಿಯಲ್ಲ, ಕೆಳಗೆ ಬಿಟ್ಟುಬಿಡುತ್ತೆ. ಅದಕ್ಕೇ ಗುಂಡಿ ಒಣಗಿರುತ್ತೆ, ಅದಕ್ಕೇ ಮೇಲೆ ನೀರೂ ಸಿಗಲ್ಲ. ಹಳ್ಳ ಎಲ್ಲ ಕಣಿವೆಯಲ್ಲಿ ಹುಟ್ಟುತ್ತೆ. ದಿಟವಾದ ಮುತ್ತಿಗೆ ಆಗಿದ್ದರೆ ಮೇಲಿನವರು ಬಾಯಾರಿಕೆಗೇ ಶರಣಾಗುತ್ತಿದ್ದರು. ಕೋಟೆ ಪಕ್ಷದವರು ಇದಕ್ಕೆ ಉತ್ತರ ಕೊಡಲಿ.

ಈ ಚಾಕ್ ಅಂದರೆ ಸಮುದ್ರದ ತಳಕ್ಕೆ ಇಳಿದ ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಚಿಪ್ಪು. ಸುಮಾರು 10 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ ಕೂಡುತ್ತಾ ಬಂದದ್ದು. ಆ ಕಾಲ ಮುಗಿಯುವ ಹೊತ್ತಿಗೆ ನಮ್ಮ ವಿಜಯಪುರ, ಬೆಳಗಾವಿ ಕಡೆ ಲಾವಾ ಹರಿದು ಈಗಿನ ಕರಿಕಲ್ಲು ಆಗುತ್ತಿತ್ತು. ಚಾಕ್ ಒಳಗೆ ಗಂಟುಗಂಟಾಗಿ ಸಿಗೋದು ನನ್ನ ಹೆಸರಿನ ಕಲ್ಲು, ಚಕಮಕಿ. ಶಿಲಾಯುಗದವರು ಅದಕ್ಕಾಗಿಯೇ ಚಾಕ್ ಗುಡ್ಡಗಳನ್ನು ಕೊರೆದರು. ಸಸೆಕ್ಸ್‌ನ ಸಿಸ್‌ಬರಿಯಲ್ಲಿ ಅವರ ಚಕಮಕಿ ಗಣಿಯ ಗುಳಿಗಳು ಈಗಲೂ ಹುಲ್ಲಿನಡಿ ಕಾಣುತ್ತವೆ.

ಸುಮ್ನೆ_ಬಂದೆ

ಮೇಷ್ಟ್ರು ನಮ್ಮ ಮೇಲೆ ಎಸೆಯುತ್ತಿದ್ದ ಸೀಮೆಸುಣ್ಣ ಇದೇ ಗುಡ್ಡದ್ದಾ?

ಚಕಮಕಿ

ಅಲ್ಲ, ಅದು ಹೆಚ್ಚಾಗಿ ಜಿಪ್ಸಂ. ನಿಮ್ಮ ಮೇಷ್ಟ್ರ ಗುರಿ ಮಾತ್ರ ಕವಣೆಯವರದ್ದೇ ಇರಬೇಕು.

ನಂಜನಗೂಡು_ರಸಬಾಳೆ

ಜಿಂಕೆ ಕೊಂಬಲ್ಲಿ ಅಗೆದರು ಅಂತ ಎಲ್ಲೋ ಓದಿದೆ. ಇಷ್ಟು ದೊಡ್ಡ ಕಂದಕ ಕೊಂಬಲ್ಲಾ?!

ಮಣ್ಣಪದರ

ಕೊಂಬು ಶಿಲಾಯುಗದವರದ್ದು. ಕೊಂಬಿನಿಂದ ಮೀಟಿ, ದನದ ಹೆಗಲ ಮೂಳೆಯಿಂದ ಗೋರಿ ತೆಗೆಯುತ್ತಿದ್ದರು. ದೊಡ್ಡ ಏರಿಗಳ ಕಾಲಕ್ಕೆ ಕಬ್ಬಿಣ ಬಂದಿತ್ತು.

ಕೆಲಸ ಹೇಗೆ ಹಂಚಿಕೊಂಡರು ಅನ್ನೋದು ಹ್ಯಾಂಪ್‌ಶೈರ್‌ನ ಲೇಡಲ್ ಹಿಲ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಅದು ಅರ್ಧಕ್ಕೇ ಬಿಟ್ಟ ಕೋಟೆ. ಕಂದಕ ಒಂದೇ ಸಮ ಇಲ್ಲ, ತುಂಡು ತುಂಡು. ಒಂದೊಂದು ಗುಂಪು ತನಗೆ ಕೊಟ್ಟ ತುಂಡನ್ನು ಅಗೆದಿದೆ. ಮೇಲಿನ ಹುಲ್ಲುಮಣ್ಣನ್ನು ಬೇರೆ ರಾಶಿ ಹಾಕಿ, ಗಟ್ಟಿ ಚಾಕ್ ಹೊರಬಂದ ಮೇಲೆ ಏರಿ ಕಟ್ಟೋಣ ಅಂತ ಇಟ್ಟಿದ್ದಾರೆ. ಆ ರಾಶಿಗಳು ಹಾಗೇ ಕೂತಿವೆ. ಕೆರೆ ಹೂಳು ಎತ್ತುವಾಗ ಕೇರಿಗೆ ಇಷ್ಟು ಮಾರು ಅಂತ ಅಳೆದು ಕೊಡ್ತಾರಲ್ಲ, ಹಾಗೆ. ಯಾಕೆ ನಿಲ್ಲಿಸಿದರೋ ಯಾರಿಗೂ ಗೊತ್ತಿಲ್ಲ.

ಸುಮ್ನೆ_ಬಂದೆ

ಬಿಲ್ ಪಾಸ್ ಆಗಿಲ್ಲ ಅನ್ಸುತ್ತೆ.

ದುರ್ಗದ_ಕಲ್ಲು

ವೀಲರ್ ವಿಷಯಕ್ಕೆ ಮತ್ತೆ ಬರ್ತೀನಿ, ಬೈಯಬೇಡಿ. ಮೇಲೆ ಹೆಣಗಳ ಕಾಲ ತಪ್ಪಿತು ಅಂದರಲ್ಲ, ನಮ್ಮ ಬ್ರಹ್ಮಗಿರಿಯಲ್ಲೂ ಅದೇ ಆಯ್ತು. ಕಲ್ಗೊಡಲಿ ಜನರನ್ನು, ಅಂದರೆ ಹೊಸ ಶಿಲಾಯುಗದವರನ್ನು, ಅವರು ಕ್ರಿ.ಪೂ. ಒಂದನೇ ಸಹಸ್ರಮಾನಕ್ಕೆ ಇಳಿಸಿಟ್ಟರು. ಬೃಹತ್ ಶಿಲಾಗೋರಿಗಳನ್ನು ಕ್ರಿ.ಪೂ. 200ರ ಆಚೀಚೆಗೆ. ಆಮೇಲೆ ಕರ್ನಾಟಕದ ಬೇರೆ ಬೇರೆ ನೆಲೆಗಳಿಂದ ಕಾರ್ಬನ್ ಲೆಕ್ಕ ಬಂದಾಗ ನಮ್ಮ ಹೊಸ ಶಿಲಾಯುಗ ಕ್ರಿ.ಪೂ. 3000ದ ಹತ್ತಿರಕ್ಕೆ ಹೋಯ್ತು. ಗೋರಿಗಳೂ ಎಷ್ಟೋ ಶತಮಾನ ಹಿಂದಕ್ಕೆ ಹೋದವು. ಸಾವಿರಾರು ವರ್ಷ ಒಬ್ಬರ ಕೈಯಲ್ಲಿ ಮಾಯ!

ಇನ್ನೊಂದು ಸಂಕಟ. ಚಂದ್ರವಳ್ಳಿ, ಬ್ರಹ್ಮಗಿರಿಯಲ್ಲಿ ವೀಲರ್‌ಗಿಂತ ಮೊದಲೇ ಕೆಲಸ ಮಾಡಿದ್ದು ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ. ಪಾಠ ಹೇಳುವಾಗ ಅವರ ಹೆಸರು ಹಿಂದಕ್ಕೆ ಸರಿಯುತ್ತೆ.

ಮಣ್ಣಪದರ

ಕೃಷ್ಣ ಅವರ ವಿಷಯದಲ್ಲಿ ನೂರಕ್ಕೆ ನೂರು. ಕಾಲದ ವಿಷಯದಲ್ಲಿ ಅಷ್ಟು ಸಿಟ್ಟು ಬೇಡ. 1947ರಲ್ಲಿ ಕಾರ್ಬನ್ ಕಾಲಮಾಪನ ಬಳಕೆಗೆ ಬಂದಿರಲಿಲ್ಲ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮನ್ ಸಾಮಾನಿನ ಜೊತೆ ಸಿಕ್ಕ ಮಡಕೆ ಚೂರಿನ ಥರದ್ದೇ ಬ್ರಹ್ಮಗಿರಿಯಲ್ಲೂ ಸಿಕ್ಕಿತು. ಅದೊಂದು ಮೊಳೆ ಹೊಡೆದು, ಮಿಕ್ಕಿದ್ದನ್ನೆಲ್ಲ ಅದಕ್ಕೆ ನೇತುಹಾಕಿದರು. ಪದರಗಳ ಕ್ರಮ ಸರಿಯಾಗಿಯೇ ಇತ್ತು, ವರ್ಷದ ಲೆಕ್ಕ ಮಾತ್ರ ತಪ್ಪಿದ್ದು.

ಮೇಡನ್ ಕ್ಯಾಸಲ್‌ನ ಆ ಉದ್ದ ದಿಣ್ಣೆಯಲ್ಲೂ ಹೀಗೇ. ಕತ್ತರಿಸಿ ಹಾಕಿದ ಒಬ್ಬ ಮನುಷ್ಯನ ಎಲುಬು ಸಿಕ್ಕಿತ್ತು. ಶಿಲಾಯುಗದ ನರಬಲಿ, ಮೆದುಳು ತಿಂದಿದ್ದಾರೆ ಅಂತೆಲ್ಲ ಸುದ್ದಿ ಆಯ್ತು. ಕಾರ್ಬನ್ ಲೆಕ್ಕ ಬಂದಾಗ ನೋಡಿದರೆ ಅವನು ರೋಮನ್ನರು ಹೋದ ಮೇಲೆ ಬಂದ ಸ್ಯಾಕ್ಸನ್ನರ ಕಾಲದವನು, ಕ್ರಿ.ಶ. ಏಳನೇ ಶತಮಾನ. ನಾಲ್ಕು ಸಾವಿರ ವರ್ಷ ಆಚೆ ಈಚೆ.

ವೇಮತ್_ವಾಸಿ

ವೀಲರ್ ಬಗ್ಗೆ ಮಾತಾಡುವಾಗ ಅವರ ಹೆಂಡತಿ ಟೆಸ್ಸಾ ವೀಲರ್ ಹೆಸರನ್ನೂ ಹೇಳಿ. ಅಗೆತದ ದಿನದಿನದ ಕೆಲಸ, ಹುಡುಗರಿಗೆ ಪಾಠ, ಪದರಗಳ ಲೆಕ್ಕ ಎಲ್ಲ ಆಕೆಯ ಕೈಯಲ್ಲೂ ಇತ್ತು. 1936ರಲ್ಲಿ, ಅಗೆತ ನಡೆಯುತ್ತಿದ್ದ ಆ ವರ್ಷಗಳಲ್ಲೇ ತೀರಿಕೊಂಡರು. ಹೊಗಳಿಕೆ ಎಲ್ಲ ಸಾಹೇಬರ ಖಾತೆಗೆ ಬಿತ್ತು.

ಕೃಷ್ಣೆಯ_ದಂಡೆ

ಒಪ್ಪಿದೆ. ಆದರೆ ರೋಮನ್ ದಾಳಿ ಬರೀ ಕಥೆ ಅಂತ ಯಾರೂ ಹೊರಡಬ್ಯಾಡ್ರಿ. ಅದೇ ಡಾರ್ಸೆಟ್‌ನ ಹಾಡ್ ಹಿಲ್ ನೋಡ್ರಿ. ಅದೂ ಚಾಕ್ ಗುಡ್ಡ, ಅದೂ ಕೋಟೆ. ಒಂದು ಗುಡಿಸಲಿನ ಸುತ್ತ ರೋಮನ್ ಯಂತ್ರದ ಬಾಣದ ಮೊನೆಗಳು ಗುಂಪಾಗಿ ಸಿಕ್ಕವು. ನಾಯಕನ ಮನೆ ಅಂತ ಗುರಿ ಇಟ್ಟು ಹೊಡೆದಿರಬೇಕು. ಆಮೇಲೆ ಅದೇ ಕೋಟೆಯ ಮೂಲೆಯಲ್ಲಿ ರೋಮನ್ನರು ತಮ್ಮ ಠಾಣೆ ಹಾಕಿಕೊಂಡರು.

ಮಣ್ಣಪದರ

ಹಾಡ್ ಹಿಲ್ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಅಲ್ಲಿ ಪುರಾವೆ ಇದೆ.

ದುರ್ಗದ_ಕಲ್ಲು

ರೋಮನ್ನರು ಅಂದಿದ್ದಕ್ಕೆ ಒಂದೇ ಸಾಲು: ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕಿದೆ. ಅವನು ಸತ್ತದ್ದು ಕ್ರಿ.ಶ. 37. ಡಾರ್ಸೆಟ್‌ಗೆ ಅವರ ಸೈನ್ಯ ಹೋದದ್ದು ಆರು ವರ್ಷ ಆದ ಮೇಲೆ. ನಮಗೆ ದುಡ್ಡು, ಅವರಿಗೆ ಬಾಣ.

ಸುಮ್ನೆ_ಬಂದೆ

ಒಂದೇ ಸಾಲು ಅಂದಿದ್ರಿ ಅಣ್ಣ.

ಹೊಸಬ_ಲೀಡ್ಸ್

ನಾನೂ ಮುಂದಿನ ತಿಂಗಳು ಹೋಗ್ತಿದ್ದೀನಿ. ಒಂದು ಚಕಮಕಿ ತುಂಡು ನೆನಪಿಗೆ ತರಬಹುದಾ? ಕಸಿನ್ ಹತ್ತಿರ ಮೆಟಲ್ ಡಿಟೆಕ್ಟರ್ ಕೂಡ ಇದೆ.

ವೇಮತ್_ವಾಸಿ

ಡಿಟೆಕ್ಟರ್ ಮನೆಯಲ್ಲೇ ಬಿಡಿ! ಅದು ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸೋದೇ ಅಪರಾಧ. ಮೊಲದ ಬಿಲದ ಬಾಯಲ್ಲಿ ಚೂರು ಕಂಡರೂ ಮುಟ್ಟಬೇಡಿ. ಹೋಗೋದಕ್ಕೆ ದುಡ್ಡು ಕೊಡಬೇಕಿಲ್ಲ, ಕಾರಿಗೂ ಜಾಗ ಇದೆ. ಮಳೆ ಬಂದಿದ್ದರೆ ಚಪ್ಪಲಿ ಬೇಡ, ಒದ್ದೆ ಚಾಕ್ ಮೇಲೆ ಕಾಲು ನಿಲ್ಲಲ್ಲ. ಏರಿಯ ಮೇಲೆ ಸವೆದ ಜಾಗ ಕಂಡರೆ ಅಲ್ಲಿ ಹತ್ತಬೇಡಿ, ಬೇರೆ ಕಡೆಯಿಂದ ಹತ್ತಿ. ಒಂದು ಸಲ ಹುಲ್ಲು ಕಿತ್ತರೆ ಕೆಳಗಿನ ಚಾಕ್ ಮಳೆಗೆ ತೊಳೆದು ಹೋಗುತ್ತೆ.

ಕುರಿ ಬಗ್ಗೆ ನಗಬೇಡಿ. ಅವು ಮೇಯ್ದರೇ ಹುಲ್ಲು ಗಿಡ್ಡ ಇರೋದು. ನಿಲ್ಲಿಸಿದರೆ ಕೆಲವೇ ವರ್ಷದಲ್ಲಿ ಮುಳ್ಳುಪೊದೆ ಎದ್ದು ಬೇರು ಏರಿಯನ್ನು ಸೀಳುತ್ತೆ. ಚಾಕ್ ಹುಲ್ಲಲ್ಲಿ ಮಾತ್ರ ಬರುವ ಹೂವು, ನೀಲಿ ಚಿಟ್ಟೆ ಎಲ್ಲ ಹೋಗುತ್ತವೆ.

ಹೊಸಬ_ಲೀಡ್ಸ್

ಸರಿ ಸರಿ, ಮುಟ್ಟಲ್ಲ. ಬಿಳಿ ಕುದುರೆ ಇರೋದು ಇಲ್ಲೇನಾ?

ಚಕಮಕಿ

ಅದು ಅಫಿಂಗ್ಟನ್, ಆಕ್ಸ್‌ಫರ್ಡ್‌ಶೈರ್. ಕಂದಕ ತೋಡಿ ಅದಕ್ಕೆ ಚಾಕ್ ತುಂಬಿ ಮಾಡಿದ 110 ಮೀಟರ್ ಉದ್ದದ ಕುದುರೆ. ಸುಮಾರು ಮೂರು ಸಾವಿರ ವರ್ಷ ಹಳೆಯದು. ಪ್ರತಿ ತಲೆಮಾರಿನವರೂ ಹುಲ್ಲು ಕಿತ್ತು ಹೊಸ ಚಾಕ್ ಕುಟ್ಟುತ್ತಾ ಬಂದಿದ್ದಕ್ಕೆ ಉಳಿದಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಆಗಬಾರದು ಅಂತ ಮುಚ್ಚಿಟ್ಟಿದ್ದರು. ಅದರ ತಲೆಯ ಮೇಲೂ ಒಂದು ಗುಡ್ಡಕೋಟೆ ಇದೆ.

ಕೊಡಿಯಾಲದ_ಮಳೆ

ನಮ್ಮಲ್ಲಿ ಇಂಥ ಮಣ್ಣಿನ ಕೆಲಸ ಇಲ್ವಾ? ಅಷ್ಟು ಹಳೆಯದ್ದು?

ದುರ್ಗದ_ಕಲ್ಲು

ಬಳ್ಳಾರಿ ಕಡೆಯ ಬೂದಿದಿಬ್ಬಗಳು. ಕುಡತಿನಿ, ಕುಪಗಲ್ಲು. ಹೊಸ ಶಿಲಾಯುಗದ ದನಗಾಹಿಗಳು ವರ್ಷಗಟ್ಟಲೆ ಸಗಣಿ ಕೂಡಿಸಿ, ಸುಟ್ಟು, ಮತ್ತೆ ಕೂಡಿಸಿ, ಮತ್ತೆ ಸುಟ್ಟು ಎದ್ದ ದಿಬ್ಬ. ಹಂಪಿ ಹತ್ತಿರದ ನಿಂಬಾಪುರದಲ್ಲಿರೋದನ್ನ ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳ್ತಾರೆ.

ಮಣ್ಣಪದರ

ಸುರಪುರ ತಾಲ್ಲೂಕಿನ ಬೂದಿಹಾಳವನ್ನೂ ಸೇರಿಸಿ. ಕೆ. ಪದ್ದಯ್ಯ ಅಗೆದದ್ದು. ದಿಬ್ಬದ ಪಕ್ಕದಲ್ಲೇ ಜನ ಇದ್ದ ಜಾಗ, ದನ ಕಡಿದ ಜಾಗ ಎಲ್ಲ ಸಿಕ್ಕಿದೆ. ಅಲ್ಲೂ ಇದೇ ಜಗಳ ಇದೆ ನೋಡಿ: ಬರೀ ತಿಪ್ಪೆಯಾ, ಇಲ್ಲಾ ಬೇಕಂತಲೇ ಎತ್ತರ ಮಾಡಿದ್ದಾ?

ಕೃಷ್ಣೆಯ_ದಂಡೆ

ತಿಪ್ಪೆ.

ಮಣ್ಣಪದರ

ಅಲ್ಲವೇ ಅಲ್ಲ.

ನಿರ್ವಾಹಕರು

ಬೂದಿದಿಬ್ಬಕ್ಕೆ ಬೇರೆ ಎಳೆ ತೆರೆದಿದ್ದೇನೆ, ಇಬ್ಬರೂ ಅಲ್ಲಿಗೆ ಹೋಗಿ. ಇಲ್ಲಿ ಮೇಡನ್ ಕ್ಯಾಸಲ್ ಮಾತ್ರ.

ಬಿಳಿಜೋಳ

ಹೋಗೋ ಮುಂಚೆ ಯಾರಾದರೂ ಆ ನೀರಿನ ಪ್ರಶ್ನೆಗೆ ಉತ್ತರ ಕೊಡ್ರಪ್ಪಾ. ಚಕಮಕಿಯವರು ಕೇಳಿ ಎಷ್ಟು ಹೊತ್ತಾಯ್ತು!